ನಮ್ಮ ಪತ್ರ, ಯಂತ್ರದ ತಿದ್ದುಪಡಿ



ಕಾಗದ ಬರೆಯುವ ಕಾಲ ಮುಗಿಯಿತು ಎಂದು ನಾವು ಆಗಾಗ ಹೇಳಿಕೊಳ್ಳುತ್ತೇವೆ. ಅಂಚೆ ಕಾಗದದ ಮಟ್ಟಿಗೆ ಆ ಮಾತು ನಿಜವೇ. ಆದರೆ ನಮ್ಮ ಜನ ಇವತ್ತು ಬರೆಯುವಷ್ಟು ಹಿಂದೆ ಯಾವತ್ತೂ ಬರೆದಿರಲಾರರು. ಬ್ಯಾಂಕು ಒಂದೇ ಹಣವನ್ನು ಎರಡು ಸಲ ಕಡಿತ ಮಾಡಿದರೆ ಮೇಲ್ ಬರೆಯಬೇಕು. ಮಗಳ ಅಂಕಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ಮನವಿ ಬರೆಯಬೇಕು. ಮಿಕ್ಸಿ ಕೆಟ್ಟರೆ, ಕೆಲಸಕ್ಕೆ ಅರ್ಜಿ ಹಾಕಬೇಕಾದರೆ, ಒಂದು ದಿನ ರಜೆ ಬೇಕಾದರೆ, ಎಲ್ಲಕ್ಕೂ ಬರಹವೇ. ಹಿಂದೆ ಕೌಂಟರಿನ ಮುಂದೆ ನಿಂತು ಬಾಯಲ್ಲಿ ಹೇಳಿ ಮುಗಿಸುತ್ತಿದ್ದ ಕೆಲಸವನ್ನು ಈಗ ಪರದೆಯ ಮೇಲಿನ ಸಣ್ಣ ಚೌಕದೊಳಗೆ ಬರೆದು ಮುಗಿಸಬೇಕು. ಅದೂ ಬಹಳ ಸಲ ಇಂಗ್ಲಿಷಿನಲ್ಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಆ ಚೌಕ ಎಷ್ಟು ಭಯ ಹುಟ್ಟಿಸುತ್ತದೆ ಎಂಬುದು ನನಗೆ ಗೊತ್ತು. ವಾಣಿಜ್ಯ ಪತ್ರವ್ಯವಹಾರ ಕಲಿಸುವುದು ನನ್ನ ವೃತ್ತಿ. ಲೆಕ್ಕದಲ್ಲಿ ಚುರುಕಾದ, ಮಾತಿನಲ್ಲಿ ಗಟ್ಟಿಯಾದ ಹುಡುಗರು ಐದು ಸಾಲಿನ ಮೇಲ್ ಮುಂದೆ ಅರ್ಧ ಗಂಟೆ ಕೂತು ಬೆವರುವುದನ್ನು ಕಂಡಿದ್ದೇನೆ. ಅವರ ಕೈಗೆ ಈಗ ಒಂದು ಸಾಧನ ಸಿಕ್ಕಿದೆ. ಅದು ಕೃತಕ ಬುದ್ಧಿಮತ್ತೆಯಿಂದ ಕೆಲಸ ಮಾಡುವ ಬರವಣಿಗೆಯ ಎಕ್ಸ್‌ಟೆನ್ಷನ್, ಅಂದರೆ ನಾವು ಇಂಟರ್ನೆಟ್ ನೋಡಲು ಬಳಸುವ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ನೀವು ಮೇಲ್ ಬರೆಯಲಿ, ಅರ್ಜಿ ತುಂಬಲಿ, ಪಕ್ಕದಲ್ಲೇ ಕೂತಿರುತ್ತದೆ. ತಪ್ಪಿನ ಕೆಳಗೆ ಗೆರೆ ಎಳೆಯುತ್ತದೆ. ಕೇಳಿದರೆ ವಾಕ್ಯವನ್ನೇ ಹೊಸದಾಗಿ ಬರೆದುಕೊಡುತ್ತದೆ. ಇದನ್ನು ಬಳಸಬೇಕೆಂಬುದೇ ನನ್ನ ಅಭಿಪ್ರಾಯ. ಹೇಗೆ ಬಳಸಿದರೆ ಪತ್ರ ನಮ್ಮದಾಗಿ ಉಳಿಯುತ್ತದೆ ಎಂಬುದನ್ನು ಹೇಳಲು ಇವತ್ತು ಬಂದಿದ್ದೇನೆ.

ಬರಹ ತಿದ್ದುವ ಯಂತ್ರ ಹೊಸದೇನಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲೇ ಕಾಗುಣಿತ ನೋಡುವ ಪ್ರೋಗ್ರಾಂ ಇತ್ತು. ಪದಗಳ ಒಂದು ಪಟ್ಟಿ ಇಟ್ಟುಕೊಂಡು, ಅದರಲ್ಲಿಲ್ಲದ ಪದವನ್ನು ತಪ್ಪು ಎಂದು ತೋರಿಸುವುದಷ್ಟೇ ಅದರ ಕೆಲಸ. 2003ರಲ್ಲಿ ಜರ್ಮನಿಯ ಡೇನಿಯಲ್ ನಾಬರ್ ಎಂಬ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಶುರುಮಾಡಿದ ಕೆಲಸ ಲ್ಯಾಂಗ್ವೇಜ್‌ಟೂಲ್ ಆಗಿ ಬೆಳೆಯಿತು. 2009ರಲ್ಲಿ ಉಕ್ರೇನಿನ ಮೂವರು ಸೇರಿ ಗ್ರಾಮರ್ಲಿ ಕಟ್ಟಿದರು. ಇವು ವ್ಯಾಕರಣವನ್ನೂ ನೋಡಿದವು. ಆದರೂ ಅಲ್ಲಿಯತನಕ ಯಂತ್ರದ ಕೆಲಸ ಬಹುಮಟ್ಟಿಗೆ ತಿದ್ದುವುದೇ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದ ಮೇಲೆ ವಿಷಯ ಬದಲಾಯಿತು. ತಿದ್ದುವ ಯಂತ್ರ ಬರೆಯುವ ಯಂತ್ರವೂ ಆಯಿತು. ತಪ್ಪಿನ ಕೆಳಗಿನ ಕೆಂಪು ಗೆರೆಯ ಪಕ್ಕದಲ್ಲಿ ‘ಪೂರ್ತಿ ಚೆನ್ನಾಗಿ ಬರೆದುಕೊಡಲೇ?’ ಎಂದು ಕೇಳುವ ಗುಂಡಿಯೊಂದು ಬಂತು.

ಆ ಗುಂಡಿಯನ್ನು ಒತ್ತಿದರೆ ಏನಾಗುತ್ತದೆ? ಒಂದು ಪತ್ರವನ್ನೇ ಹತ್ತಿರದಿಂದ ನೋಡೋಣ.

ಒಬ್ಬ ಹುಡುಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಊರಿನಿಂದ ಫೋನ್ ಬಂದಿದೆ, ತಾಯಿಗೆ ತುಂಬ ಹುಷಾರಿಲ್ಲ. ಮ್ಯಾನೇಜರಿಗೆ ಹೀಗೆ ಬರೆಯುತ್ತಾನೆ: ‘ಸರ್, ಮೈ ಮದರ್ ಈಸ್ ಸೀರಿಯಸ್. ಐ ವಾಂಟ್ ಫೋರ್ ಡೇಸ್ ಲೀವ್.’ ನಮ್ಮ ಕಡೆ ಯಾರು ಓದಿದರೂ ಅರ್ಥವಾಗುತ್ತದೆ. ಆದರೆ ಆ ಮ್ಯಾನೇಜರು ಲಂಡನ್ನಿನಲ್ಲಿ ಕೂತವರಾದರೆ, ತಾಯಿ ಗಂಭೀರ ಸ್ವಭಾವದವರು ಎಂದು ಓದಿಕೊಳ್ಳುವ ಸಾಧ್ಯತೆ ಇದೆ. ಎರಡನೆಯ ವಾಕ್ಯದಲ್ಲೂ ಒಂದು ತೊಡಕಿದೆ. ‘ನಾಲ್ಕು ದಿನ ರಜೆ ಬೇಕಾಗಿದೆ’ ಎಂಬುದು ಕನ್ನಡದಲ್ಲಿ ವಿನಯದ ಮಾತು; ಆ ವಿನಯ ‘ಬೇಕಾಗಿದೆ’ ಎಂಬ ರೂಪದಲ್ಲೇ ಇದೆ. ಅದನ್ನು ‘ಐ ವಾಂಟ್’ ಎಂದಾಗ ವಿನಯ ಬಿದ್ದುಹೋಗಿ ಆಜ್ಞೆ ಮಾಡಿದ ಹಾಗೆ ಕೇಳಿಸುತ್ತದೆ. ಒಳ್ಳೆಯ ಎಕ್ಸ್‌ಟೆನ್ಷನ್ ಈ ಎರಡನ್ನೂ ಹಿಡಿಯುತ್ತದೆ. ‘ಸೀರಿಯಸ್‌ಲಿ ಇಲ್’ ಎಂದು ಬರೆಯಿರಿ, ‘ಮೇ ಐ ಟೇಕ್’ ಎಂದು ಕೇಳಿ ಎಂದು ಸೂಚಿಸುತ್ತದೆ. ಇಪ್ಪತ್ತು ವರ್ಷ ಇಂಗ್ಲಿಷ್ ವಾತಾವರಣದಲ್ಲಿ ಬೆಳೆದವರಿಗೆ ತಾನಾಗಿ ಬರುವ ಸೂಕ್ಷ್ಮವಿದು. ನಮ್ಮ ಹುಡುಗನಿಗೆ ಅರೆಕ್ಷಣದಲ್ಲಿ ಸಿಕ್ಕಿತು. ಇದು ದೊಡ್ಡ ಉಪಕಾರ, ಇದನ್ನು ಕಡೆಗಣಿಸಿ ಮಾತಾಡಲು ನನಗೆ ಮನಸ್ಸಿಲ್ಲ.

ಈಗ ಅದೇ ಹುಡುಗ ಅಷ್ಟಕ್ಕೇ ನಿಲ್ಲಿಸದೆ, ‘ಇನ್ನೂ ವೃತ್ತಿಪರವಾಗಿ ಬರೆ’ ಎಂಬ ಗುಂಡಿ ಒತ್ತಿದ ಎಂದಿಟ್ಟುಕೊಳ್ಳಿ. ಬರುವ ಪತ್ರ ಉದ್ದವಾಗಿರುತ್ತದೆ, ತಪ್ಪಿಲ್ಲದೆ ಇರುತ್ತದೆ. ಈ ಸಂದೇಶ ತಲುಪುವ ಹೊತ್ತಿಗೆ ತಾವು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ ಎಂದು ಶುರುವಾಗುತ್ತದೆ. ಅನಿರೀಕ್ಷಿತ ಕೌಟುಂಬಿಕ ತುರ್ತಿನ ಕಾರಣ ರಜೆ ಕೋರುತ್ತಿದ್ದೇನೆ, ಕೆಲಸಕ್ಕೆ ಅಡಚಣೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ಮುಂದುವರಿಯುತ್ತದೆ. ತಾಯಿ ಎಲ್ಲಿ? ತಾಯಿ ಇಲ್ಲ. ಅವರ ಜಾಗದಲ್ಲಿ ‘ಕೌಟುಂಬಿಕ ತುರ್ತು’ ಬಂದು ಕೂತಿದೆ. ಮೊದಲಿನ ಎರಡು ಸಾಲು ಓದಿದ ಮ್ಯಾನೇಜರು ಫೋನ್ ಮಾಡಿ ‘ಯಾವ ಆಸ್ಪತ್ರೆಯಪ್ಪಾ, ದುಡ್ಡಿಗೆ ಏನಾದರೂ ಬೇಕಾ’ ಎಂದು ಕೇಳಬಹುದಿತ್ತು. ಈ ಪತ್ರ ಓದಿದವರು ‘ಅಪ್ರೂವ್ಡ್’ ಎಂದು ಬರೆದು ಮುಂದಿನ ಮೇಲ್‌ಗೆ ಹೋಗುತ್ತಾರೆ. ಅಡಚಣೆಯಾಗದಂತೆ ನೋಡಿಕೊಳ್ಳುತ್ತೇನೆ ಎಂಬ ಮಾತನ್ನಂತೂ ಹುಡುಗ ಕೊಟ್ಟೇ ಇರಲಿಲ್ಲ. ಅವನ ಹೆಸರಿನಲ್ಲಿ ಯಂತ್ರ ಕೊಟ್ಟಿತು.

ನನ್ನ ಕಳವಳ ಇರುವುದು ಇಲ್ಲೇ. ತಿದ್ದುವಾಗ ಯಂತ್ರ ನಾವು ಹೇಳಿದ್ದನ್ನು ಹಿಡಿದುಕೊಂಡಿರುತ್ತದೆ. ಬರೆಯುವಾಗ, ನಾವು ಹೇಳದೆ ಬಿಟ್ಟ ಜಾಗವನ್ನು ತಾನೇ ತುಂಬುತ್ತದೆ. ತುಂಬುವುದು ಎಲ್ಲಿಂದ? ಲಕ್ಷಾಂತರ ಜನ ಬರೆದ ಪತ್ರಗಳಲ್ಲಿ ಯಾವ ಮಾತಿನ ಹಿಂದೆ ಯಾವ ಮಾತು ಬಂದಿದೆ ಎಂಬ ಅಂದಾಜಿನಿಂದ. ಈ ತಂತ್ರದ ಜೀವವೇ ಅದು: ಮುಂದೆ ಬರಲು ಹೆಚ್ಚು ಸಾಧ್ಯತೆ ಇರುವ ಪದವನ್ನು ಊಹಿಸುವುದು. ಹಾಗಾಗಿ ಎಲ್ಲರೂ ಬರೆಯುವಂಥದ್ದು ಚೆನ್ನಾಗಿ ಬರುತ್ತದೆ, ನಮಗೊಬ್ಬರಿಗೇ ಗೊತ್ತಿರುವುದು ಬರುವುದಿಲ್ಲ. ಬರಲು ದಾರಿಯೂ ಇಲ್ಲ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾರತದ ಮತ್ತು ಅಮೆರಿಕದ ಒಟ್ಟು 118 ಜನರಿಂದ ಇಷ್ಟದ ತಿಂಡಿ, ಇಷ್ಟದ ಹಬ್ಬ, ಇಂಥ ವಿಷಯಗಳ ಮೇಲೆ ಇಂಗ್ಲಿಷಿನಲ್ಲಿ ಬರೆಸಿದರು. ಕೆಲವರಿಗೆ ಯಂತ್ರದ ಸಲಹೆ ಇತ್ತು, ಕೆಲವರಿಗೆ ಇರಲಿಲ್ಲ. ಇಷ್ಟದ ತಿಂಡಿ ಎಂದು ಬರೆಯಹೊರಟರೆ ಯಂತ್ರ ಪಿಜ್ಜಾ ಎನ್ನುತ್ತಿತ್ತು, ಹಬ್ಬ ಎಂದರೆ ಕ್ರಿಸ್‌ಮಸ್ ಎನ್ನುತ್ತಿತ್ತು. ಭಾರತೀಯರು ಅಮೆರಿಕದವರಿಗಿಂತ ಹೆಚ್ಚು ಸಲಹೆಗಳನ್ನು ಒಪ್ಪಿಕೊಂಡರು, ಆದರೆ ಒಪ್ಪಿಕೊಂಡದ್ದನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಕೊನೆಗೆ ಭಾರತೀಯರ ಬರಹ ಅಮೆರಿಕದವರ ಬರಹದ ಹತ್ತಿರಕ್ಕೆ ಸರಿದಿತ್ತು. ದೀಪಾವಳಿಯ ಬಗ್ಗೆ ಬರೆದರೂ ಹೊರಗಿನವರು ಬರೆದ ಹಾಗೆ.

ಹಾಗೆಂದು ಲಾಭವನ್ನು ಮರೆಯಬಾರದು. ಎಂಐಟಿಯ ಇಬ್ಬರು ಸಂಶೋಧಕರು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಚೇರಿಯ ಬರವಣಿಗೆಗೆ ಚಾಟ್‌ಜಿಪಿಟಿ ಬಳಸಿದವರಿಗೆ ಸುಮಾರು ಶೇ. 40ರಷ್ಟು ಸಮಯ ಉಳಿಯಿತು, ಬರಹದ ಗುಣಮಟ್ಟ ಶೇ. 18ರಷ್ಟು ಮೇಲೇರಿತು. ಹೆಚ್ಚು ಲಾಭವಾದದ್ದು ಮೊದಲು ಕಡಿಮೆ ಅಂಕ ಪಡೆದವರಿಗೆ. ನಮ್ಮ ಹಳ್ಳಿಯ ಹುಡುಗರನ್ನು ನೆನೆದಾಗ ಈ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ದೂರ ಇಡಿ ಎಂದು ಅವರಿಗೆ ಹೇಳುವುದು ಅನ್ಯಾಯ.

ಹಾಗಾದರೆ ಹೇಗೆ ಬಳಸುವುದು? ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನೀವು ನೋಡಿರುತ್ತೀರಿ. ಅವರ ಹತ್ತಿರ ಹೋಗಿ ‘ಒಂದು ಅರ್ಜಿ ಬರೆದುಕೊಡಿ ಸ್ವಾಮಿ’ ಎಂದರೆ ತಕ್ಷಣ ಬರೆಯುವುದಿಲ್ಲ. ಯಾವ ಊರು, ಸರ್ವೆ ನಂಬರ್ ಎಷ್ಟು, ಪಹಣಿ ಯಾರ ಹೆಸರಲ್ಲಿದೆ, ಮೊದಲು ಯಾರಿಗೆ ಕೊಟ್ಟಿದ್ದಿರಿ, ಯಾವಾಗ, ಎಂದು ಕೇಳುತ್ತಾರೆ. ಕೇಳಿ ಕೇಳಿ ನಮ್ಮ ಬಾಯಿಂದಲೇ ವಿಷಯ ಹೊರಡಿಸಿ ಆಮೇಲೆ ಪೆನ್ನು ಹಿಡಿಯುತ್ತಾರೆ. ಯಂತ್ರಕ್ಕೆ ಆ ಅಭ್ಯಾಸ ತಾನಾಗಿ ಇಲ್ಲ. ನಾವು ಹೇಳಿ ಮಾಡಿಸಬೇಕು, ಹೇಳಿದರೆ ಮಾಡುತ್ತದೆ.

ಪಂಚಾಯಿತಿಗೆ ಒಂದು ದೂರು ಬರೆಯಬೇಕಾಗಿದೆ ಎನ್ನಿ. ನೀವು ಬರೆದದ್ದು ಇಷ್ಟು: ‘ನಮ್ಮ ಬೀದಿಗೆ ನೀರು ಬರುತ್ತಿಲ್ಲ, ದಯವಿಟ್ಟು ಸರಿಪಡಿಸಿ.’ ಇದನ್ನು ಚೆನ್ನಾಗಿ ಬರೆದುಕೊಡು ಎಂದರೆ, ತೀವ್ರ ಸಮಸ್ಯೆ ಉಂಟಾಗಿದ್ದು ಸಾರ್ವಜನಿಕರು ಅಪಾರ ತೊಂದರೆ ಅನುಭವಿಸುತ್ತಿದ್ದಾರೆ ಎಂಬ ಒಂದು ಪುಟ ಬರುತ್ತದೆ. ಪಿಡಿಒ ಅವರ ಮೇಜಿನ ಮೇಲೆ ಅಂಥವು ಬೇಕಾದಷ್ಟಿರುತ್ತವೆ. ಅದರ ಬದಲು ಹೀಗೆ ಹೇಳಿ: ‘ಇದನ್ನು ಈಗಲೇ ಬರೆಯಬೇಡ. ಓದುವ ಅಧಿಕಾರಿಗೆ ಏನೇನು ತಿಳಿಯಬೇಕೋ ಅದನ್ನು ನನ್ನನ್ನು ಒಂದೊಂದಾಗಿ ಕೇಳು.’ ಆಗ ಕೇಳುತ್ತದೆ. ಯಾವತ್ತಿನಿಂದ ನೀರಿಲ್ಲ? ಕಾರಣ ಗೊತ್ತೇ? ಎಷ್ಟು ಮನೆಗಳಿಗೆ? ಯಾರಿಗಾದರೂ ತಿಳಿಸಿದ್ದೀರಾ? ಈಗ ನಿಮಗೆ ಬೇಕಾದದ್ದು ಟ್ಯಾಂಕರೋ, ಮೋಟಾರು ರಿಪೇರಿಯೋ? ಉತ್ತರ ಕೊಡುತ್ತ ಹೋದರೆ ಪತ್ರ ತಾನಾಗಿ ಮೈದುಂಬುತ್ತದೆ: ‘ಶಾಲೆ ಹಿಂದಿನ ಬೋರ್‌ವೆಲ್ ಮೋಟಾರು ಸುಟ್ಟು ಇವತ್ತಿಗೆ ಒಂಬತ್ತು ದಿನ. ನೀರುಗಂಟಿಗೆ ಮೊದಲ ದಿನವೇ ತಿಳಿಸಿದ್ದೇವೆ. ಟ್ಯಾಂಕರು ಎರಡು ಸಲ ಬಂದರೂ ಓಣಿ ಇಕ್ಕಟ್ಟಾದ್ದರಿಂದ ಕೊನೆಯ ಹದಿನಾಲ್ಕು ಮನೆಗಳಿಗೆ ನೀರು ಸಿಕ್ಕಿಲ್ಲ. ಮೋಟಾರು ರಿಪೇರಿಯಾಗುವ ತನಕ ಸಣ್ಣ ಟ್ಯಾಂಕರು ಕಳಿಸಿಕೊಡಬೇಕು.’ ಇದರಲ್ಲಿ ಅಲಂಕಾರವಿಲ್ಲ. ಓದಿದವರು ಇವತ್ತೇ ಏನು ಮಾಡಬೇಕು ಎಂಬುದು ಮಾತ್ರ ಇದೆ. ಯಂತ್ರ ಕೇಳಿತು, ಹೇಳಿದವರು ನೀವು.

ಕನ್ನಡದ ವಿಷಯಕ್ಕೆ ಬಂದರೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಹಳೆಯ ಕಾಲದ ಕಾಗುಣಿತ ಯಂತ್ರಗಳು ಕನ್ನಡಕ್ಕೆ ಒಗ್ಗಲೇ ಇಲ್ಲ. ಕಾರಣ ನಮ್ಮ ಭಾಷೆಯ ಸ್ವಭಾವ. ‘ಮನೆಯಲ್ಲಿದ್ದವರಿಗೂ’ ಎನ್ನುವುದು ನಮಗೆ ಒಂದೇ ಪದ. ಅದರೊಳಗೆ ಮನೆ ಇದೆ, ವಿಭಕ್ತಿ ಇದೆ, ಇರುವ ಕ್ರಿಯೆ ಇದೆ, ಜನ ಇದ್ದಾರೆ, ಕೊನೆಗೊಂದು ‘ಊ’ ಇದೆ. ಹೀಗೆ ಹೆಣೆದುಕೊಳ್ಳುವ ರೂಪಗಳನ್ನೆಲ್ಲ ಪಟ್ಟಿ ಮಾಡಲು ಯಾರಿಂದ ಸಾಧ್ಯ? ಅದಕ್ಕೇ ಸರಿಯಾದ ಕನ್ನಡದ ಕೆಳಗೂ ಕೆಂಪು ಗೆರೆ ಬೀಳುತ್ತಿತ್ತು. ಹೊಸ ಯಂತ್ರಗಳು ಪಟ್ಟಿಯ ಬದಲು ಸಂದರ್ಭ ನೋಡುವುದರಿಂದ ಈ ವಿಷಯದಲ್ಲಿ ಬಹಳ ಮೇಲು. ಅಂಗಡಿಯವರಿಗೆ ‘ಒಂದು ಚೀಲ ಹಕ್ಕಿ ಕಳಿಸಿ’ ಎಂದು ಬರೆದರೆ ಹಳೆಯ ಯಂತ್ರ ಸುಮ್ಮನಿರುತ್ತಿತ್ತು, ಏಕೆಂದರೆ ಹಕ್ಕಿಯೂ ಪಟ್ಟಿಯಲ್ಲಿರುವ ಪದವೇ. ಹೊಸದು ಚೀಲವನ್ನೂ ಅಂಗಡಿಯನ್ನೂ ನೋಡಿ, ಇಲ್ಲಿ ಅಕ್ಕಿ ಎಂದಿರಬೇಕಲ್ಲವೇ ಎಂದು ಕೇಳುತ್ತದೆ. ಮಾತಿನಲ್ಲಿ ಅಕಾರ ಹಕಾರ ಅದಲುಬದಲಾಗುವುದು ನಮ್ಮ ಹಲವು ಕಡೆಯ ಸಹಜ ನುಡಿ, ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ. ಬರಹದಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಯಾರ ಮುಖವನ್ನೂ ನೋಡಬೇಕಾಗಿಲ್ಲ ಎಂಬುದು ಎಷ್ಟೋ ಜನರಿಗೆ ನೆಮ್ಮದಿ.

ಆದರೆ ಪೂರ್ತಿ ಪತ್ರ ಬರೆ ಎಂದಾಗ ಅದೇ ಯಂತ್ರದ ಕನ್ನಡ ಕಂತ್ರಾಟಿನ ಭಾಷಾಂತರದ ಹಾಗೆ ಕೇಳಿಸುತ್ತದೆ. ‘ನಮ್ಮಿಂದ ಅರ್ಜಿಯು ಸಲ್ಲಿಸಲ್ಪಟ್ಟಿದೆ’ ಎನ್ನುತ್ತದೆ. ನಾವು ಅರ್ಜಿ ಕೊಟ್ಟಿದ್ದೇವೆ ಎಂದರೆ ಸಾಲದೇ? ಒಂದೇ ಪತ್ರದಲ್ಲಿ ಮೊದಲು ‘ತಾವು’, ನಡುವೆ ‘ನೀವು’, ಕೊನೆಗೆ ಏಕವಚನವೂ ನುಸುಳಬಹುದು. ಸೋದರಮಾವನಿಗೆ ಬರೆಯುವ ಕನ್ನಡ ಬೇರೆ, ಸೊಸೈಟಿ ಕಾರ್ಯದರ್ಶಿಗೆ ಬರೆಯುವುದು ಬೇರೆ, ಕಲಬುರಗಿಯ ನುಡಿ ಬೇರೆ, ಕುಂದಾಪುರದ್ದು ಬೇರೆ. ಆ ಅಂತರಗಳನ್ನು ಕಲಿಯುವಷ್ಟು ಕನ್ನಡ ಬರಹ ಅದರ ಮುಂದೆ ಬಂದಿಲ್ಲ. ಲ್ಯಾಂಗ್ವೇಜ್‌ಟೂಲ್ ಹೆಸರು ಹೇಳಿದೆನಲ್ಲ, ಅದು ಯಾರು ಬೇಕಾದರೂ ಸೇರಿ ಬೆಳೆಸಬಹುದಾದ ಮುಕ್ತ ತಂತ್ರಾಂಶ. ಅದರ ಪಟ್ಟಿಯಲ್ಲಿ ತಮಿಳು ಇದೆ, ಕನ್ನಡ ಇಲ್ಲ. ಅಲ್ಲಿ ಭಾಷೆಯ ನಿಯಮಗಳನ್ನು ಬರೆದು ಸೇರಿಸುವವರು ಆಯಾ ಭಾಷೆಯನ್ನು ಬಲ್ಲ ಆಸಕ್ತರು. ಕನ್ನಡ ಎಂ.ಎ. ಓದುತ್ತಿರುವವರು, ಕಂಪ್ಯೂಟರ್ ಓದುತ್ತಿರುವವರು ಒಟ್ಟಿಗೆ ಕೂತರೆ ಇದು ನಮ್ಮ ಕಾಲೇಜುಗಳಲ್ಲೇ ಆಗಬಹುದಾದ ಕೆಲಸ.

ಇಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಬೇಕು. 1991ರಿಂದ ಪ್ರಜಾವಾಣಿಯಲ್ಲಿ ಅವರು ನಡೆಸಿದ ‘ಇಗೋ ಕನ್ನಡ’ ಅಂಕಣಕ್ಕೆ ಓದುಗರು ಪ್ರಶ್ನೆ ಕಳಿಸುತ್ತಿದ್ದರು. ಈ ರೂಪ ಸರಿಯೇ, ಆ ಪದ ಎಲ್ಲಿಂದ ಬಂತು ಎಂದು. ಅವರು ಸರಿ, ತಪ್ಪು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ, ಕಾರಣ ಕೊಡುತ್ತಿದ್ದರು. ಓದಿದವರು ಮತ್ತೆ ಆ ತಪ್ಪು ಮಾಡುತ್ತಿರಲಿಲ್ಲ. ಯಂತ್ರದ ಹತ್ತಿರವೂ ನಾವು ಕೇಳಬೇಕಾದದ್ದು ಅದನ್ನೇ. ಗೆರೆ ಕಂಡ ಕೂಡಲೇ ‘ಒಪ್ಪಿದೆ’ ಎಂದು ಒತ್ತುವ ಬದಲು ‘ಏಕೆ?’ ಎಂದು ಕೇಳಿ. ಕಾರಣ ಒಪ್ಪುವಂತಿದ್ದರೆ ನೀವೇ ಕೈಯಾರೆ ತಿದ್ದಿ. ಒಪ್ಪುವಂತಿಲ್ಲದಿದ್ದರೆ ನಿಘಂಟು ತೆಗೆಯಿರಿ, ಏಕೆಂದರೆ ಯಂತ್ರ ತಪ್ಪು ಕಾರಣವನ್ನೂ ಅಷ್ಟೇ ಧೈರ್ಯವಾಗಿ ಹೇಳಬಲ್ಲದು. ಗೆರೆ ಬಿದ್ದದ್ದೆಲ್ಲ ತಪ್ಪಲ್ಲ ಎಂಬುದೂ ನೆನಪಿರಲಿ. ‘ಔಟ್ ಆಫ್ ಸ್ಟೇಷನ್’, ‘ಡೂ ದಿ ನೀಡ್‌ಫುಲ್’ ಇವೆಲ್ಲ ನಮ್ಮ ದೇಶದ ಇಂಗ್ಲಿಷ್. ಓದುವವರು ಹುಬ್ಬಳ್ಳಿಯ ಬ್ಯಾಂಕ್ ಮ್ಯಾನೇಜರಾದರೆ ಬದಲಿಸುವ ಅಗತ್ಯವೇ ಇಲ್ಲ.

ಇನ್ನು ಸುರಕ್ಷತೆ. ಎಕ್ಸ್‌ಟೆನ್ಷನ್ ಹಾಕಿಕೊಳ್ಳುವಾಗ ಅದು ಒಂದು ಅನುಮತಿ ಕೇಳುತ್ತದೆ: ನೀವು ತೆರೆಯುವ ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಅನುಮತಿ ಬೇಕು ಎಂದು. ಓದದೆ ತಿದ್ದಲಾಗುವುದಿಲ್ಲ, ಅಷ್ಟು ನಿಜ. ಆದರೆ ‘ಎಲ್ಲ’ ಎಂದರೆ ಬ್ಯಾಂಕಿನ ಪುಟವೂ ಬಂತು, ಆಸ್ಪತ್ರೆಯ ವರದಿಯೂ ಬಂತು. ಬರೆದದ್ದು ತಿದ್ದುಪಡಿಗಾಗಿ ಸಾಮಾನ್ಯವಾಗಿ ಕಂಪನಿಯ ಸರ್ವರಿಗೆ ಹೋಗಿ ಬರುತ್ತದೆ. ದೊಡ್ಡ ಕಂಪನಿಗಳಿಗೂ ಲೋಪ ತಪ್ಪಿದ್ದಲ್ಲ. 2018ರ ಫೆಬ್ರವರಿಯಲ್ಲಿ ಗೂಗಲ್ಲಿನ ಭದ್ರತಾ ಸಂಶೋಧಕ ಟ್ಯಾವಿಸ್ ಒರ್ಮಾಂಡಿ ಗ್ರಾಮರ್ಲಿ ಎಕ್ಸ್‌ಟೆನ್ಷನ್‌ನಲ್ಲಿ ಒಂದು ದೋಷ ಪತ್ತೆಹಚ್ಚಿದರು. ಬಳಕೆದಾರ ತೆರೆದ ಬೇರೆ ಯಾವುದೇ ಜಾಲತಾಣ ಅವನ ಗ್ರಾಮರ್ಲಿ ಖಾತೆಯ ಒಳಗೆ ಇಣುಕಬಹುದಾಗಿತ್ತು. ಕಂಪನಿ ತಿಳಿದೊಡನೆ ಸರಿಪಡಿಸಿತು. 2024ರ ಡಿಸೆಂಬರಿನಲ್ಲಿ ಸೈಬರ್‌ಹೇವನ್ ಎಂಬ ಕಂಪನಿಯ ನೌಕರರೊಬ್ಬರನ್ನು ಸುಳ್ಳು ಮೇಲ್ ಮೂಲಕ ವಂಚಿಸಿ, ಅದರ ಎಕ್ಸ್‌ಟೆನ್ಷನ್‌ನ ಜಾಗದಲ್ಲಿ ಕಳ್ಳ ಆವೃತ್ತಿಯೊಂದನ್ನು ಏರಿಸಿದ್ದರು. ಮಾಹಿತಿ ಕಾಯುವುದೇ ಆ ಕಂಪನಿಯ ಕಸುಬು. ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ನವೀಕರಣಗೊಳ್ಳುವುದರಿಂದ ಬಳಸುತ್ತಿದ್ದವರಿಗೆ ಸುಳಿವೇ ಸಿಕ್ಕಿರಲಿಲ್ಲ.

ಹೆದರಿ ಬಿಟ್ಟುಬಿಡಬೇಕಾಗಿಲ್ಲ, ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿ. ಕ್ರೋಮ್ ಬಳಸುವವರು ಎಕ್ಸ್‌ಟೆನ್ಷನ್ ಪುಟಕ್ಕೆ ಹೋಗಿ, ವಿವರಗಳನ್ನು ತೆರೆದು, ಸೈಟ್ ಆಕ್ಸೆಸ್ ಎಂಬಲ್ಲಿ ‘ಆನ್ ಕ್ಲಿಕ್’ ಆರಿಸಿದರೆ ಸಾಕು. ನೀವು ಕರೆದಾಗ ಮಾತ್ರ ಅದು ಬರುತ್ತದೆ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ರೋಗಿಯ ಹೆಸರು, ಕಚೇರಿಯ ಗುಟ್ಟು, ಇವನ್ನು ತಿದ್ದಿಸಿದ ಮೇಲೆ ಕೊನೆಗೆ ನೀವೇ ಸೇರಿಸಿ. ತಿದ್ದುವಾಗ ಆ ಜಾಗ ಖಾಲಿ ಇರಲಿ. ಹೆಸರೇ ಕೇಳದ ಕಂಪನಿಯ ಎಕ್ಸ್‌ಟೆನ್ಷನ್ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ.

ಕಡೆಯದಾಗಿ ವಿದ್ಯಾರ್ಥಿಗಳ ಬಗ್ಗೆ ಒಂದು ಮಾತು, ಮೇಷ್ಟರುಗಳಿಗೂ ಸೇರಿಸಿ. ಇದು ಯಂತ್ರ ಬರೆದದ್ದೇ ಎಂದು ಪತ್ತೆ ಮಾಡುವ ತಂತ್ರಾಂಶಗಳು ಬಂದಿವೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿ ಶೇ. 61ರಷ್ಟನ್ನು ಅವು ಯಂತ್ರದ ಬರಹ ಎಂದವು. ಅವೆಲ್ಲ ಮನುಷ್ಯರೇ ಬರೆದವು. ತಾಯ್ನುಡಿಯಲ್ಲದ ಭಾಷೆಯಲ್ಲಿ ಬರೆಯುವವರು ಸರಳ ಪದಗಳನ್ನು, ಕಲಿತ ವಾಕ್ಯಗಳನ್ನು ಬಳಸುತ್ತಾರೆ. ಆ ಸರಳತೆಯೇ ಅವರ ಮೇಲೆ ಅನುಮಾನ ತಂದಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಇದೇ ಸಾಲಿನಲ್ಲಿದ್ದಾರೆ. ಕಷ್ಟಪಟ್ಟು ತಾನೇ ಬರೆದ ಹುಡುಗಿಯನ್ನು ಕಳ್ಳಿಯ ಹಾಗೆ ನಿಲ್ಲಿಸುವ ಅಧಿಕಾರ ಯಾವ ತಂತ್ರಾಂಶಕ್ಕೂ ಇಲ್ಲ. ವಿದ್ಯಾರ್ಥಿಗಳು ಮೊದಲ ಕರಡನ್ನು ಅಳಿಸದೆ ಇಟ್ಟುಕೊಳ್ಳಲಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವಾಗ ಯಾವ ಸಾಲು ಬದಲಾಯಿತು ಎಂಬ ಚರಿತ್ರೆ ತಾನಾಗಿ ಉಳಿಯುತ್ತದೆ. ಅನುಮಾನ ಬಂದ ಮೇಷ್ಟರು ಆ ಚರಿತ್ರೆ ತೆರೆದು ನೋಡಲಿ. ಅದಕ್ಕೂ ಮೊದಲು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ವಾಕ್ಯವನ್ನು ಹೀಗೇಕೆ ಬರೆದೆಯಮ್ಮಾ ಎಂದು ಕನ್ನಡದಲ್ಲೇ ಕೇಳಲಿ.